ಸೆರಗು ಕುಡಿದ ಹಸಿರು

ದಿಲ್ಲಿಯ ಚಳಿ ಒಂದೇ ಸಲಕ್ಕೆ ಹೋಗುವುದಿಲ್ಲ. ಹೊರಟ ನೆಂಟ ಚಪ್ಪಲಿ ಮೆಟ್ಟಿದ ಮೇಲೂ ಬಾಗಿಲಲ್ಲಿ ನಿಂತು ಮಾತು ಬೆಳೆಸುತ್ತಾನಲ್ಲ, ಹಾಗೆ ಹೊಸ್ತಿಲ ಮೇಲೆ ಒಂದು ಕಾಲಿಟ್ಟುಕೊಂಡೇ ಇರುತ್ತದೆ. ಅಂಥದೊಂದು ಶನಿವಾರ ನಾನು ಫರೀದಾಬಾದಿನ ನಮ್ಮ ಮನೆಯಿಂದ ಮೆಟ್ರೋ ಹತ್ತಿ ಕಿದ್ವಾಯಿ ನಗರಕ್ಕೆ ಹೊರಟೆ. ಕೈಚೀಲದಲ್ಲಿ ಒಂದು ಬಾಟಲಿ ಬಿಳಿ ವಿನೆಗರ್ ಇತ್ತು, ಒಂದು ಪೊಟ್ಟಣ ಹಸಿರು ಬಣ್ಣವಿತ್ತು. ಕಿಟಕಿಯ ಆಚೆ ಊರು ಇನ್ನೂ ಮಂಜಿನೊಳಗೇ ಇತ್ತು. ಕಾರ್ಖಾನೆಗಳ ಚಿಮಣಿಗಳ ತುದಿ ಮಾತ್ರ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ಅವು ನೆಲಕ್ಕೆ ಅಂಟಿಕೊಂಡಿವೆಯೋ ಹಾಗೇ ತೇಲುತ್ತಿವೆಯೋ ಹೇಳುವುದು ಕಷ್ಟವಾಗಿತ್ತು.

ನಾನು ಹನ್ನೆರಡನೆಯ ತರಗತಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಕನ್ನಡ ಮಾತ್ರ ಯಾವ ತರಗತಿಯಲ್ಲೂ ಕಲಿತದ್ದಲ್ಲ, ದೊಡ್ಡವ್ವನ ಅಡುಗೆಮನೆಯಲ್ಲಿ ಕಲಿತದ್ದು. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ದೊಡ್ಡಪ್ಪನಿಗೆ ಕೇಂದ್ರ ಸರ್ಕಾರದಲ್ಲಿ ಗುಮಾಸ್ತರ ಕೆಲಸ ಸಿಕ್ಕು, ಬಾಗಲಕೋಟೆ ಕಡೆಯಿಂದ ಇಬ್ಬರೂ ಈ ಊರಿಗೆ ಬಂದವರು. ನನ್ನಪ್ಪನಿಗೆ ವರ್ಷಕ್ಕೊಂದು ಊರಿಗೆ ವರ್ಗವಾಗುತ್ತಿದ್ದುದರಿಂದ ನನ್ನನ್ನು ಓದಲಿಕ್ಕೆ ಅವರ ಮನೆಯಲ್ಲಿ ಬಿಟ್ಟಿದ್ದರು. ಆಗ ಅವರಿದ್ದದ್ದು ಬೇವಿನ ಮರಗಳ ನಡುವಿನ ತಗ್ಗು ಮನೆಗಳ ಸಾಲಿನಲ್ಲಿ. ಆ ಸಾಲುಗಳನ್ನೆಲ್ಲ ಕೆಡವಿ ಈಗ ಮುಗಿಲಿಗೆ ಮುಟ್ಟುವ ಕಟ್ಟಡಗಳನ್ನು ನಿಲ್ಲಿಸಿದ್ದಾರೆ. ದೊಡ್ಡವ್ವನ ಮಗ, ಅಂದರೆ ನಮ್ಮಣ್ಣ, ತಾನೂ ಸರ್ಕಾರಿ ಅಧಿಕಾರಿಯಾಗಿ ಅದೇ ಜಾಗದಲ್ಲಿ, ಆದರೆ ಬಹಳ ಮೇಲೆ, ಒಂದು ಮನೆ ಪಡೆದಿದ್ದಾನೆ. “ಅದ ನೆಲ, ಅದ ನಾವು. ಆದ್ರ ಈಗ ಹದ್ದಿನ ಜೋಡಿ ಇರಾಕತ್ತೀವಿ,” ಎನ್ನುತ್ತಾಳೆ ದೊಡ್ಡವ್ವ.

ಆ ಶನಿವಾರದ ಪ್ರಯಾಣ ಅಣ್ಣನ ಮಗಳ ಸಲುವಾಗಿತ್ತು. ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ, ನನ್ನನ್ನು ಅತ್ತಿ ಎಂದು ಕರೆಯುವವಳು. ಅವಳಿಗೆ ಏಳನೆಯ ತಿಂಗಳು ನಡೆಯುತ್ತಿತ್ತು. ನಮ್ಮ ಕಡೆ ಏಳರಲ್ಲಿ ಬಸುರಿಯನ್ನು ತವರಿಗೆ ಕರೆದು, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ, ಅಂದರೆ ಮಡಿಲು, ತುಂಬುತ್ತಾರೆ. ಬೇರೆ ಕಡೆಯವರು ಸೀಮಂತ ಎನ್ನುವುದನ್ನು ನಾವು ಕುಬಸ ಎನ್ನುತ್ತೇವೆ. ಮಂತ್ರ ತಂತ್ರ ಇಲ್ಲದಿದ್ದರೂ ನಡೆದೀತು, ಹಸಿರು ಇಲ್ಲದೆ ನಡೆಯದು.

ಹೋದ ಸಲ ಅವಳಿಗೆ ದಿನ ನಿಂತಾಗ ಮನೆಯಲ್ಲಿ ಸಡಗರ ತಡೆಯಲಾಗಿರಲಿಲ್ಲ. ಸೀರೆ ಬಂತು, ಸಣ್ಣ ಸಣ್ಣ ಕಾಲುಚೀಲ ಬಂದವು, ಗೋಡೆಗೆ ಅಂಟಿಸುವ ಆನೆ ಮೊಲಗಳ ಚಿತ್ರ ಬಂದವು. ಐದು ತುಂಬುವ ಮೊದಲೇ ಒಂದು ಮಧ್ಯಾಹ್ನ ಅವಳು ಆಸ್ಪತ್ರೆಯಿಂದ ಬರಿಗೈಲಿ ಮನೆಗೆ ಬಂದಳು. ಬಂದವಳ ಎದುರಿಗೆ ಆ ಸಾಮಾನುಗಳೆಲ್ಲ ಇದ್ದವು. ಅವನ್ನು ಆಮೇಲೆ ಯಾರು ಎಲ್ಲಿ ಸಾಗಿಸಿದರೋ ನಾನು ಕೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳದಿರುವುದೂ ನಾನು ದೊಡ್ಡವ್ವನಿಂದಲೇ ಕಲಿತದ್ದು.

ಈ ಸಲ ಹುಡುಗಿ ಕೂಸು ಎನ್ನುತ್ತಿರಲಿಲ್ಲ, ಮಗು ಎನ್ನುತ್ತಿರಲಿಲ್ಲ. ‘ಇದು’ ಎನ್ನುತ್ತಿದ್ದಳು. “ಇದು ಆದಮೇಲೆ ನೋಡೋಣ,” “ಇದರ ಟೆಸ್ಟ್ ಇದೆ,” ಹೀಗೆ. ಕುಬಸದ ಮಾತು ತೆಗೆದ ದಿನ ನಾನು ಅಲ್ಲೇ ಊಟದ ಮೇಜಿನ ಹತ್ತಿರ ಕೂತಿದ್ದೆ.

“ಅಜ್ಜಿ, ಹೊಸಾದು ಒಂದೂ ಮನ್ಯಾಗ ಬರಬಾರದು. ಒಂದು ಕರ್ಚೀಫ್ ಸಹಿತ. ಬಸ್,” ಎಂದಳು ಅವಳು.

“ಹಸರ ಸೀರಿ ಇಲ್ಲದ ಕುಬಸ ಹೆಂಗ ಮಾಡ್ತಾರವ್ವ?”

“ತೋ ಮತ್ ಕರೋ. ಬಿಡ್ರಿ.”

ದೊಡ್ಡವ್ವ ತಟ್ಟೆಯ ಅಂಚಿನ ಮೇಲೆ ಬೆರಳು ಆಡಿಸುತ್ತ ಕೂತಳು. ಹಾಗೆ ಕೂತಳೆಂದರೆ ಒಳಗೆ ಏನೋ ಬೇಯುತ್ತಿದೆ ಎಂದೇ ಲೆಕ್ಕ.

“ಹಳೇದನ್ನ ಹಸರು ಮಾಡಿದ್ರ?” ಎಂದಳು ಕೊನೆಗೆ.

ಹುಡುಗಿ ತಲೆ ಎತ್ತಿದಳು. ಅವಳಿಗೂ ಒಂದು ಕಡೆ ಆಸೆ ಇದ್ದೇ ಇತ್ತು. ಅದು ಕಣ್ಣಿಗೆ ಬಂದು ಮತ್ತೆ ಒಳಕ್ಕೆ ಹೋದದ್ದನ್ನು ನಾನು ಕಂಡೆ. “ಹಳೇದು ಹಸರಾದ್ರ ಆಗ್ಲಿ,” ಎಂದಳು. “ಆಗಲಿಲ್ಲ ಅಂದ್ರ ಈ ಕುಬಸದ ಮಾತು ಮತ್ತ ಯಾರೂ ತೆಗೀಬಾರದು. ಪ್ರಾಮಿಸ್?”

ದೊಡ್ಡವ್ವ ಮೊಮ್ಮಗಳ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಕೊಟ್ಟ ಮಾತು ಎಂದರೆ ಅವಳಿಗೆ ಒಲೆಯ ಮೇಲಿಟ್ಟ ಹಾಲಿದ್ದ ಹಾಗೆ, ಕಣ್ಣು ತೆಗೆಯುವವಳಲ್ಲ.

ಹಳೆಯದು ಎಂದರೆ ಯಾವುದು ಎಂಬ ಪ್ರಶ್ನೆಯೇ ಇರಲಿಲ್ಲ. ಅಣ್ಣ ಹೊಟ್ಟೆಯಲ್ಲಿದ್ದಾಗ ದೊಡ್ಡವ್ವನ ತಾಯಿ ಉಡಿಸಿದ ಇಳಕಲ್ ಸೀರೆ ಅದು. ಹಸಿರು ಮೈ, ಕೆಂಪು ಸೆರಗು. ಆಮೇಲೆ ಅದನ್ನು ಹಬ್ಬಕ್ಕೆ ಉಟ್ಟು, ಅದರಲ್ಲೇ ಮಗನ ಜೋಲಿ ಕಟ್ಟಿ, ಚಳಿಗಾಲದಲ್ಲಿ ಮಡಚಿ ಹೊದ್ದು, ಬೇಸಿಗೆಯಲ್ಲಿ ಕಿಟಕಿಗೆ ಪರದೆ ಮಾಡಿ ಇಟ್ಟದ್ದರಿಂದ ದಿಲ್ಲಿಯ ಬಿಸಿಲು ಅದರ ಬಣ್ಣವನ್ನೆಲ್ಲ ನೆಕ್ಕಿಬಿಟ್ಟಿತ್ತು. ಮೈ ಹಾಲಿನ ಕೆನೆಯ ಬಣ್ಣಕ್ಕೆ ಬಂದಿತ್ತು. ಸೆರಗು ಉಳ್ಳಾಗಡ್ಡಿಯ ಒಳಸಿಪ್ಪೆಯ ಹಾಗೆ, ಇತ್ತ ಕೆಂಪೂ ಅಲ್ಲ ಅತ್ತ ಬಿಳಿಯೂ ಅಲ್ಲ. ಮನೆಯಲ್ಲಿ ಎಲ್ಲರೂ ಅದಕ್ಕೆ ರೇಷ್ಮೆ ಸೀರೆ ಎಂದೇ ಹೆಸರಿಟ್ಟಿದ್ದರು. ನಾನು ಅದನ್ನು ಕಂಡದ್ದೆಲ್ಲ ಟ್ರಂಕಿನಲ್ಲಿ, ಸೆರಗು ಮೇಲಾಗಿ ಮಡಿಚಿಟ್ಟ ಹಾಗೆ. ಆ ಸೆರಗು ಬೆರಳಿಗೆ ನೀರಿನಂತೆ ಜಾರುತ್ತಿತ್ತು.

ಬಣ್ಣ ಹಾಕುವವನಿಗೆ ಕೊಡಲು ದೊಡ್ಡವ್ವ ಒಪ್ಪಲಿಲ್ಲ. “ಅವನ ಹಂಡೇದಾಗ ಯಾರ್ಯಾರ ದುಪ್ಪಟ್ಟಾ ಮುಳುಗಿರತಾವೋ! ನಮ್ಮವ್ವ ಕೊಟ್ಟ ಸೀರಿ ಅದು. ಮನ್ಯಾಗ ಕೆಮಿಸ್ಟ್ರಿ ಕಲಿಸೋ ಟೀಚರಬಾಯಿ ಇದ್ದಾಳ, ಆಕಿ ಮಾಡ್ಲಿ.” ಸರಿ, ನಮ್ಮ ಮನೆಯ ಹತ್ತಿರದ ಬಣ್ಣದ ಅಂಗಡಿಗೆ ನಾನೇ ಹೋದೆ. ಅಂಗಡಿಯ ಭಯ್ಯಾ ಮೊದಲು ಕೇಳಿದ್ದೇ ಸಿಲ್ಕೋ ಕಾಟನ್ನೋ ಎಂದು. ಎರಡಕ್ಕೂ ಬಣ್ಣ ಬೇರೆ ಬೇರೆ. ಅಲ್ಲಿಂದಲೇ ದೊಡ್ಡವ್ವನಿಗೆ ಫೋನು ಮಾಡಿ ಕೇಳಿದೆ.

“ರೇಷ್ಮಿ ಅಂತ ಹೇಳವನಿಗೆ!” ಅವಳ ದನಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. “ಚೊಚ್ಚಲ ಕುಬಸಕ್ಕ ನಮ್ಮವ್ವ ನನಗ ನೂಲಿನ ಸೀರಿ ಉಡಸ್ತಿದ್ದಳೇನು? ರೇಷ್ಮಿ ಸೀರಿ ಅದು, ರೇಷ್ಮಿ!”

ಭಯ್ಯಾನಿಗೆ ಕನ್ನಡ ಬರದಿದ್ದರೂ ಅರ್ಥವಾಗಿ, ರೇಷ್ಮೆಯ ಪೊಟ್ಟಣವನ್ನೇ ಕೊಟ್ಟ.

ಹೀಗೆ ಆ ಶನಿವಾರ ದೊಡ್ಡವ್ವನ ಅಡುಗೆಮನೆಯಲ್ಲಿ ಹಬ್ಬದ ಹೋಳಿಗೆಗೆ ಬೇಳೆ ಬೇಯಿಸುವ ದೊಡ್ಡ ಪಾತ್ರೆ ಒಲೆಯೇರಿತು. ಅಣ್ಣ ಅತ್ತಿಗೆ ಯಾವುದೋ ಮದುವೆಗೆ ಹೋಗಿದ್ದರು. ದೊಡ್ಡಪ್ಪ ಹೊರಗಿನ ಕೋಣೆಯಲ್ಲಿ ಪೇಪರನ್ನು ಎದೆಯ ಮೇಲೆ ಹರವಿಕೊಂಡು, ಅದನ್ನು ಓದುತ್ತಿರುವ ಹಾಗೆಯೇ ನಿದ್ದೆ ಮಾಡುತ್ತಿದ್ದರು. ಬಸುರಿಗೆ ಒಲೆಯ ಹತ್ತಿರ ಬರಲು ಅಪ್ಪಣೆ ಇರಲಿಲ್ಲ. ಅಡುಗೆಮನೆಯಾಚೆಯ ಬಾಲ್ಕನಿಯಲ್ಲಿ, ಬಾಗಿಲ ಪಕ್ಕಕ್ಕೆ ಕುರ್ಚಿ ಹಾಕಿ ಅವಳನ್ನು ಕೂರಿಸಿದ್ದೆವು. ಕಾಲ ಮೇಲೆ ಬಿಸಿಲು ಬೀಳುತ್ತಿತ್ತು. ಬಹಳ ಕೆಳಗೆ ಎಲ್ಲೋ ಗುಜರಿಯವನು ಕೂಗುತ್ತ ಹೋಗುತ್ತಿದ್ದ. ಅವನ ಕೂಗು ಅಷ್ಟು ಎತ್ತರ ಹತ್ತಿ ಬರುವ ಹೊತ್ತಿಗೆ ಬರೀ ರಾಗವಾಗಿರುತ್ತಿತ್ತು.

ನೆನೆಸಿದ ಸೀರೆಯನ್ನು ಹಿಂಡಿ, ಹಸಿರು ನೀರಿನಲ್ಲಿ ಇಳಿಸಿದೆವು. ಅದು ಒಮ್ಮೆ ಗಾಳಿ ತುಂಬಿಕೊಂಡು ಉಬ್ಬಿ, ಉಸಿರು ಬಿಟ್ಟು, ಮುಳುಗಿತು. ಕುದಿಯಬಾರದು, ಕುದಿಯುವ ಹಾಗೆ ಯೋಚಿಸಬೇಕು, ಅಷ್ಟೇ ಬಿಸಿ. ದೊಡ್ಡವ್ವ ಕಟ್ಟಿಗೆಯ ಸೌಟು ಹಿಡಿದು ನಿಧಾನಕ್ಕೆ ತಿರುವುತ್ತಿದ್ದಳು. ನಾನು ವಿನೆಗರ್ ಹೊಯ್ದೆ. ಹುಳಿಯ ಆವಿ ಮೂಗಿಗೆ ಏರಿ, ಇಡೀ ಮನೆ ಉಪ್ಪಿನಕಾಯಿಯ ಭರಣಿಯ ಒಳಗಿದ್ದ ಹಾಗಾಯಿತು.

“ಬಣ್ಣಕ್ಕ ಹುಳಿ ಯಾಕ ಬೇಕು, ಅತ್ತಿ?” ಹೊರಗಿನಿಂದ ಹುಡುಗಿಯ ದನಿ ಬಂತು. “ನೀರಿನ್ಯಾಗ ಹಾಕಿದ್ರ ಹಿಡಿಯೂದಿಲ್ಲೇನು? ಐ ಮೀನ್, ವೈ?”

ಇದನ್ನು ನಾನು ತರಗತಿಯಲ್ಲಿ ವರ್ಷ ವರ್ಷವೂ ಹೇಳುತ್ತೇನೆ. ಹೇಳಿ ಹೇಳಿ ಮಾತು ಸವೆದಿದೆ ಎಂದುಕೊಂಡಿದ್ದೆ. ಆದರೆ ಆ ಆವಿಯೊಳಗೆ, ಆ ಬಿಸಿಲಿನಲ್ಲಿ, ಕೇಳುವವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿರುವಾಗ, ನನಗೇ ಅದು ಹೊಸ ಕಥೆಯ ಹಾಗೆ ಕಂಡಿತು. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ಕೂತೆ.

ರೇಷ್ಮೆ ಹುಳು ಉಗುಳಿದ ಎಳೆ ಎಂದರೆ ಅಮೈನೋ ಆಮ್ಲಗಳ ಸರ, ಎಂದೆ. ಮೊಟ್ಟೆ, ಹಾಲು, ಕೂದಲು, ನಿನ್ನ ಚರ್ಮ, ಎಲ್ಲ ಅದೇ ಮಣಿಗಳ ಸರ. ಒಂದೊಂದು ಮಣಿಗೂ ಎರಡು ಕೈ. ಒಂದು ಕೈ ಕೊಡುವ ಕೈ, ಇನ್ನೊಂದು ತಗೊಳ್ಳುವ ಕೈ. ಕೊಡುವುದೂ ತಗೊಳ್ಳುವುದೂ ಒಂದೇ ಪದಾರ್ಥ. ಪ್ರೋಟಾನು ಎನ್ನುವ ಕಣ್ಣಿಗೆ ಕಾಣದ ಕಣ, ಹುಳಿಯ ಜೀವವೇ ಅದು. ಮಣಿ ಬಿಡಿಯಾಗಿ ಬರೀ ನೀರಿನಲ್ಲಿದ್ದಾಗ ಕೊಡುವ ಕೈ ತನ್ನ ಕಣವನ್ನು ಕೊಟ್ಟುಬಿಟ್ಟು ಮೈನಸ್ ಆಗುತ್ತದೆ, ತಗೊಳ್ಳುವ ಕೈ ಒಂದನ್ನು ತಗೊಂಡು ಪ್ಲಸ್ ಆಗುತ್ತದೆ. ಒಂದೇ ಮೈಯಲ್ಲಿ ಎರಡೂ ಇರುತ್ತವೆ. ಆ ನೀರಿಗೆ ವಿದ್ಯುತ್ತು ಹರಿಸಿದರೆ ಪ್ಲಸ್ ಇದ್ದವು ಆ ಕಡೆ ಓಡುತ್ತವೆ, ಮೈನಸ್ ಇದ್ದವು ಈ ಕಡೆ ಓಡುತ್ತವೆ. ಎರಡೂ ಸಮ ಇದ್ದದ್ದು ಮಾತ್ರ ಎಲ್ಲೂ ಹೋಗದೆ ನಡುವೆ ನಿಂತಿರುತ್ತದೆ.

“ಅಂದ್ರ ಪ್ಲಸ್ಸೂ ಐತಿ, ಮೈನಸ್ಸೂ ಐತಿ, ಟೋಟಲ್ ಝೀರೋ?”

“ಹೌದು.”

“ದಟ್ಸ್ ಮೀ, ಅತ್ತಿ.” ನಕ್ಕಳು. ನಗು ತುಟಿಯಿಂದ ಆಚೆ ಹೋಗಲಿಲ್ಲ. “ಮುಂಜಾನೆ ಎದ್ದಾಗ ಹೆಸರು ನೆನಸ್ತೀನಿ. ಚಾ ಕುಡಿಯೋದ್ರೊಳಗ ಬ್ಯಾಡ ಅಂತ ಅಳಿಸ್ತೀನಿ. ಮತ್ತ ನೆನಸ್ತೀನಿ. ದಿನಾ ಟೋಟಲ್ ಝೀರೋ. ಎಲ್ಲೂ ಹೋಗಂಗಿಲ್ಲ ನಾನು.”

ಒಳಗೆ ಸೌಟಿನ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ನಾನು ಪಾಠವನ್ನೇ ಮುಂದುವರಿಸಿದೆ. ಕೆಲವು ಸಲ ಅದೇ ಒಳ್ಳೆಯದು. ಸರವಾಗಿ ಪೋಣಿಸಿದ ಮೇಲೆ ಬಹಳ ಮಣಿಗಳ ಕೈಗಳು ಒಂದನ್ನೊಂದು ಹಿಡಿದುಕೊಂಡುಬಿಡುತ್ತವೆ, ಎಂದೆ. ಸರದ ತುದಿಯಲ್ಲಿ, ಅಲ್ಲಲ್ಲಿ ಪಕ್ಕದಲ್ಲಿ, ಕೆಲವು ಕೈ ಖಾಲಿ ಉಳಿಯುತ್ತವೆ. ಈಗ ಹುಳಿ ಹೊಯ್ದೆವಲ್ಲ, ನೀರಿನ ತುಂಬ ಆ ಕಣಗಳದೇ ಜಾತ್ರೆ. ಕೊಡುವ ಕೈಗೆ ಅದರ ಕಣ ತಿರುಗಿ ಸಿಕ್ಕುತ್ತದೆ, ಅದರ ಮೈನಸ್ ಅಳಿಯುತ್ತದೆ. ಉಳಿಯುವುದು ಪ್ಲಸ್ ಕೈ ಮಾತ್ರ. ಈ ಹಸಿರು ಬಣ್ಣ ಇದೆಯಲ್ಲ, ಅದು ಮೈನಸ್. ಆಗ ಪ್ಲಸ್ ಕೈ ಚಾಚಿ ಅದನ್ನು ಹಿಡಿದುಕೊಳ್ಳುತ್ತದೆ. ಬಣ್ಣ ನೀರು ಬಿಟ್ಟು ಎಳೆಯೊಳಗೆ ಹೋಗುತ್ತದೆ. ನೋಡುತ್ತಿರು, ಕೊನೆಗೆ ನೀರು ಬಾವಿಯ ನೀರಿನ ಹಾಗೆ ತಿಳಿಯಾಗುತ್ತದೆ.

“ನೀರು ತಿಳಿ ಆಗ್ತದ? ಮ್ಯಾಜಿಕ್ ಹೈ ಕ್ಯಾ?”

“ಹುಳಿ ಹೈ,” ಎಂದು ದೊಡ್ಡವ್ವ ಒಳಗಿನಿಂದ ಕೂಗಿದಳು. “ಸಾರಿಗೆ ಹುಳಿ ಹೆಚ್ಚು ಹಾಕಿದ್ರ ಮಾತಾಡ್ತೀರಿ. ಈಗ ನೋಡ್ರಿ, ಅದರ ಕಿಮ್ಮತ್ತು!”

ಆಮೇಲಿನ ಹೊತ್ತು ಎಷ್ಟಿತ್ತೋ ನನಗೆ ಇವತ್ತಿಗೂ ಹೇಳಲಾಗದು. ಆವಿ ಕಿಟಕಿಯ ಗಾಜಿಗೆ ಹತ್ತಿ, ಆಚೆಯ ಕಟ್ಟಡಗಳು ಕರಗಿ, ಅವುಗಳ ಜಾಗದಲ್ಲಿ ನನಗೆ ಹಳೆಯ ಬೇವಿನ ಮರಗಳೇ ನಿಂತ ಹಾಗೆ ಕಾಣುತ್ತಿತ್ತು. ಸೌಟು ಪಾತ್ರೆಯ ಅಂಚಿಗೆ ತಾಗುತ್ತಿತ್ತು, ದೊಡ್ಡಪ್ಪ ಗೊರಕೆ ಹೊಡೆಯುತ್ತಿದ್ದರು, ಬಾಲ್ಕನಿಯ ಕಂಬಿಯ ಮೇಲೆ ಪಾರಿವಾಳ ಗುಟುರು ಹಾಕುತ್ತಿತ್ತು. ಇವು ಮೂರೂ ಒಂದೇ ತಾಳಕ್ಕೆ ಬಂದುಬಿಟ್ಟಿದ್ದವು. ನೀರಿನೊಳಗೆ ಕಾಣದ ಕೋಟಿ ಕೈಗಳು ಚಾಚಿಕೊಂಡಿವೆ, ಕಾಣದ ಕೋಟಿ ಕೈಗಳಿಗೆ ಹಸಿರು ಬಂದು ಸೇರುತ್ತಿದೆ, ಯಾರೂ ಯಾರನ್ನೂ ಕರೆದಿಲ್ಲ, ದಾರಿ ತೋರಿಸಿಲ್ಲ. ಮಕ್ಕಳಿಗೆ ನಾನು ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುವುದು ಇದನ್ನೇ. ಅದು ಇಷ್ಟು ಮೆಲ್ಲಗೆ, ಇಷ್ಟು ಸದ್ದಿಲ್ಲದೆ ನಡೆಯುತ್ತದೆ ಎಂದು ಬಾಣ ಹೇಳುವುದಿಲ್ಲ.

“ಏ ಹುಡುಗಿ, ಬಾ ಇಲ್ಲಿ,” ದೊಡ್ಡವ್ವನ ದನಿ ಬೇರೆಯಾಗಿತ್ತು. ಮೊಮ್ಮಗಳ ಮದುವೆ ಆದಮೇಲೂ ಅವಳ ಬಾಯಲ್ಲಿ ನಾನೇ ಹುಡುಗಿ. “ಬಣ್ಣ ಎಲ್ಲಿ ಹೋತು?”

ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು. ಪಾತ್ರೆಯ ತಳ ಕಾಣುವಷ್ಟು ತಿಳಿ. ಹಸಿರು ನೀರಿನಲ್ಲಿ ಇರಲಿಲ್ಲ. ಆದರೆ ಮೇಲೆ ತೇಲುತ್ತಿದ್ದ ಸೀರೆಯಲ್ಲಿಯೂ ಇರಲಿಲ್ಲ. ಅದು ಕೆನೆಯ ಬಣ್ಣದಲ್ಲಿ, ಎಲ್ಲೋ ಹಸಿರಿನ ನೆನಪು ಎನ್ನುವಷ್ಟು ಛಾಯೆ ಹೊತ್ತು, ಮೊದಲಿದ್ದ ಹಾಗೇ ಮಲಗಿತ್ತು. ಒಂದು ಪೊಟ್ಟಣ ಬಣ್ಣ ಪೂರ್ತಿ ಮಾಯ! ಇಷ್ಟು ವರ್ಷ ಪಾಠ ಹೇಳಿದ ನನಗೆ ಒಂದು ಗಳಿಗೆ ನಿಜಕ್ಕೂ ಭಯವಾಯಿತು.

ದೊಡ್ಡವ್ವ ಸೌಟನ್ನು ಕೆಳಗೆ ಇಳಿಸಿ ಎತ್ತಿದಳು. ಸೀರೆ ಮೊಳ ಮೊಳವಾಗಿ ಮೇಲೆ ಬಂತು, ಎಲ್ಲ ಬಿಳಿ. ಕೊನೆಗೆ, ತಳದಿಂದ, ಸೆರಗು ಎದ್ದು ಬಂತು.

ಅಂಥ ಹಸಿರನ್ನು ನಾನು ಅಂಗಡಿಯಲ್ಲಿ ಕಂಡಿಲ್ಲ. ಅಡಿಯಲ್ಲಿ ಉಳಿದಿದ್ದ ಕೆಂಪಿನ ಮೇಲೆ ಕೂತದ್ದಕ್ಕೋ ಏನೋ, ಮಾವಿನ ಮರದ ಹಳೆಯ ಎಲೆಯ ಹಾಗೆ ಕಡುವಾಗಿ, ಒಳಗೊಳಗೇ ಮಿಂಚುತ್ತಿತ್ತು. ಅಂಚಿನ ಎರಡೂ ದಡಿಗಳೂ ಹಸಿರು. ಮೈಯಲ್ಲಿ ಮಾತ್ರ ಒಂದು ಹನಿ ಇಲ್ಲ. ಪೊಟ್ಟಣದ ಅಷ್ಟೂ ಬಣ್ಣವನ್ನು ಸೆರಗೂ ದಡಿಯೂ ಸೇರಿ ಕುಡಿದುಬಿಟ್ಟಿದ್ದವು. ಮೊದಲು ಹಸಿರಿದ್ದಲ್ಲಿ ಬಿಳುಪು, ಮೊದಲು ಕೆಂಪಿದ್ದಲ್ಲಿ ಹಸಿರು. ಸೀರೆ ತಿರುವುಮುರುವಾಗಿತ್ತು.

“ದೊಡ್ಡವ್ವ, ಇದರ ಮೈ ರೇಷ್ಮೆ ಅಲ್ಲವಾ?”

“ಇಳಕಲ್ಲ ಸೀರಿ ಅಂದ್ರ ಮೈ ನೂಲಿಂದ ಇರತೈತಿ. ಸೆರಗು ದಡಿ ರೇಷ್ಮಿದು,” ಎಂದಳು ಅವಳು, ಇಷ್ಟೂ ತಿಳಿಯದವರಿಗೆ ಹೇಳುವ ಹಾಗೆ. “ಸೆರಗು ರೇಷ್ಮಿ ಇದ್ರ ಅದು ರೇಷ್ಮಿ ಸೀರಿನ. ನೂಲಿನ ಸೀರಿ ಅಂತ ಯಾರರ ಅಂತಾರೇನು? ಮಂದಿ ನೋಡೋದು ಸೆರಗನ್ನ.”

ಫೋನಿನಲ್ಲಿ ಅವಳು ಆಡಿದ್ದು ಸುಳ್ಳಲ್ಲ. ಅವಳ ಊರಿನ ಲೆಕ್ಕದಲ್ಲಿ ಅದು ಹದಿನಾರಾಣೆ ಸತ್ಯ. ಬಣ್ಣಕ್ಕೆ ಮಾತ್ರ ಆ ಲೆಕ್ಕ ಗೊತ್ತಿರಲಿಲ್ಲ.

ಹುಡುಗಿ ಕುರ್ಚಿಯಿಂದ ಎದ್ದು ಬಾಗಿಲಲ್ಲಿ ನಿಂತಿದ್ದಳು. ಸೌಟಿನಿಂದ ಜೋತಾಡುತ್ತಿದ್ದ ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು.

“ನಹೀಂ ಹುವಾ ನಾ?” ಎಂದಳು ಮೆಲ್ಲಗೆ. “ಇಟ್ಸ್ ಓಕೆ, ಅಜ್ಜಿ. ನನಗ ಗೊತ್ತಿತ್ತು.”

ತಿರುಗಿ ಹೋಗಿ ಮತ್ತೆ ಬಿಸಿಲಿನಲ್ಲಿ ಕೂತಳು. ಅವಳ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ದೊಡ್ಡವ್ವ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಾಗಿತ್ತಲ್ಲ. ಹಸಿರಾಗದಿದ್ದರೆ ಕುಬಸದ ಸುದ್ದಿ ಎತ್ತುವಂತಿಲ್ಲ. ಅಷ್ಟು ಮಾತಿನ ಮುದುಕಿ ಆ ಮಾತನ್ನು ನುಂಗಿಕೊಂಡು ಒಲೆ ಆರಿಸಿದ್ದನ್ನು ನೋಡಲಾಗಲಿಲ್ಲ. ನಾನು ಸೀರೆಯನ್ನು ತಣ್ಣೀರಿನಲ್ಲಿ ಜಾಲಿಸಿದೆ. ಮೈಗೆ ಹತ್ತಿದ್ದ ಆ ಚೂರು ಛಾಯೆಯೂ ತೊಳೆದು ಹೋಯಿತು. ಸೆರಗಿನದು ಒಂದು ಹನಿ ಕದಲಲಿಲ್ಲ.

ಏನೇ ಆಗಲಿ, ಒದ್ದೆ ಬಟ್ಟೆಯನ್ನು ಒಣಗಿಸಲೇಬೇಕು. ಬಾಲ್ಕನಿಯ ಹಗ್ಗಕ್ಕೆ ಹರವಿದೆ. ಹುಡುಗಿಯ ಕುರ್ಚಿಯ ಎದುರಿಗೇ ಸೆರಗು ಇಳಿಬಿತ್ತು. ಬಿಸಿಲು ಅದರ ಮೂಲಕ ಹಾಯ್ದು ಅವಳ ಮುಖ, ಕೈ, ಉಬ್ಬಿದ ಹೊಟ್ಟೆ ಎಲ್ಲ ಹಸಿರು ಬೆಳಕಿನಲ್ಲಿ ಅದ್ದಿದ ಹಾಗಾಯಿತು. ಅವಳಿಗೆ ಅದು ಗೊತ್ತಾಗಲಿಲ್ಲ.

ಆಮೇಲೆ ಅವಳು ಕೈ ಚಾಚಿ, ಬಿಳುಪು ಮುಗಿದು ಹಸಿರು ಶುರುವಾಗುವ ಗೆರೆಯನ್ನು ಮುಟ್ಟಿದಳು.

“ಅತ್ತಿ, ಮೈಗೆ ಯಾಕ ಹತ್ತಲಿಲ್ಲ? ಅದಕ್ಕ ಬ್ಯಾಡಾಗಿತ್ತೇನು?”

“ಬೇಡ ಅನ್ನಲಿಕ್ಕೂ ಕೈ ಬೇಕಲ್ಲೇ. ಹತ್ತಿಯ ನೂಲು ಅಂದರೆ ಸಕ್ಕರೆಯ ಸರ. ಅಮೈನೋ ಆಮ್ಲ ಅಲ್ಲ. ಅದಕ್ಕೆ ಆ ತಗೊಳ್ಳುವ ಕೈಯೇ ಇಲ್ಲ. ಹುಳಿ ಎಷ್ಟು ಹೊಯ್ದರೂ ಅದು ಪ್ಲಸ್ ಆಗುವುದಿಲ್ಲ, ಬಣ್ಣ ಹತ್ತಿರ ಬಂದು ಹಾಗೇ ಹೋಗುತ್ತದೆ.”

ಅವಳು ಯೋಚಿಸಿದಳು. “ಅಂದ್ರ ಅದು ರಿಜೆಕ್ಟ್ ಮಾಡಿದ್ದಲ್ಲ.”

“ಅಲ್ಲ.”

“ಅಪಶಕುನ... ವೋ ಭೀ ನಹೀಂ?”

“ಅಪಶಕುನ ಅಲ್ಲವೇ ತಾಯಿ, ಇದು ಹನ್ನೆರಡನೇ ಕ್ಲಾಸಿನ ಸಿಲೆಬಸ್.”

ಈ ಸಲದ ನಗು ಕಣ್ಣಿನವರೆಗೂ ಹೋಯಿತು. ಅವಳ ಬೆರಳು ಇನ್ನೂ ಆ ಗೆರೆಯ ಮೇಲೆಯೇ ಇತ್ತು. “ಇಲ್ಲಿ ಹೊಲಿಗಿ ಇಲ್ಲಲ್ಲ? ನೂಲಿಗೂ ರೇಷ್ಮಿಗೂ ಹೆಂಗ ಜೋಡಿಸ್ಯಾರ?”

ಅಲ್ಲಿಯವರೆಗೆ ಬಾಗಿಲ ಮರೆಯಲ್ಲಿದ್ದ ದೊಡ್ಡವ್ವನಿಗೆ ಇಷ್ಟು ಸಾಕಾಯಿತು. “ಕೊಂಡಿ ಹಾಕ್ತಾರ. ಇದರ ಒಂದ ಎಳಿ, ಅದರ ಒಂದ ಎಳಿ, ಒಂದರಾಗ ಒಂದು ಸಿಗಿಸಿ ಸಿಗಿಸಿ. ಮನಿಮಂದಿ ಎಲ್ಲಾ ಕುಂತು ಮಾಡ್ತಾರ. ಹರದ್ರ ಸೀರಿ ಹರದೀತು, ಕೊಂಡಿ ಬಿಚ್ಚಂಗಿಲ್ಲ.”

“ಅಜ್ಜಿ, ಉಡಿ ತುಂಬತಾರಂತಲ್ಲ. ಎದರಾಗ ತುಂಬತಾರ?”

“ನಾ ಮಾತು ಕೊಟ್ಟೇನವ್ವ. ಅದರ ಸುದ್ದಿ ನಾ ಆಡಂಗಿಲ್ಲ.”

“ನಾನ ಕೇಳಾಕತ್ತೀನಲ್ಲ! ನೀವು ಬರೇ ಜವಾಬ್ ಕೊಡ್ರಿ.”

“ಸೆರಗಿನಾಗ ತುಂಬತಾರ. ಮತ್ತೆಲ್ಲಿ ತುಂಬತಾರ, ಪ್ಲಾಸ್ಟಿಕ್ ಚೀಲದಾಗೇನು?”

“ಸೆರಗು ಹಸರಾಗೈತಲ್ಲ?”

ದೊಡ್ಡವ್ವ ಸೀರೆಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ಗೆದ್ದೆ ಎಂದು ಕುಣಿಯುತ್ತಾಳೆ ಎಂದುಕೊಂಡೆ. ಕುಣಿಯಲಿಲ್ಲ, ವಕೀಲರ ಹಾಗೆ ಬೆರಳೆತ್ತಿದಳು. “ನೀ ಅಂದಿದ್ದು ಹ್ಯಾಂಗ? ಹಳೇದು ಹಸರಾದ್ರ ಅಂದಿದ್ದಿ. ಮೈ ಆಗಿಲ್ಲ. ನಾಳಿ ಏನರ ಮನಸಿಗೆ ಬಂದು, ಅಜ್ಜಿ ಮಾತು ತಪ್ಪಿದ್ಲು ಅಂದ್ರ ನಾ ಕೇಳಂಗಿಲ್ಲ. ಈಗ ಹೇಳು. ಸಾಕೋ ಸಾಲದೋ?”

ಹುಡುಗಿ ಸೆರಗಿನ ತುದಿಯನ್ನು ಹಿಡಿದು ಹಿಂಡಿದಳು. ತಿಳಿ ನೀರು ಬೊಗಸೆಗೆ ಇಳಿಯಿತು, ಒಂದು ಚೂರೂ ಹಸಿರಿಲ್ಲದ ನೀರು.

“ಸಾಕು,” ಎಂದಳು. “ನಾಳೆ ಮಾಡ್ರಿ.”

ಮರುದಿನ ಭಾನುವಾರ. ನೆಂಟರಿಲ್ಲ, ಊಟದವರಿಲ್ಲ, ನಾವು ಮನೆಯವರು ಅಷ್ಟೇ. ಅತ್ತಿಗೆ ತನ್ನದೇ ಹಳೆಯ ಹಸಿರು ಬಳೆಗಳನ್ನು ಸಾಬೂನು ಹಚ್ಚಿ ಮಗಳ ಕೈಗೆ ಏರಿಸಿದಳು. ಬಿಳಿ ಮೈಯ, ಹಸಿರು ಸೆರಗಿನ ಆ ಸೀರೆಯುಟ್ಟು ಹುಡುಗಿ ಮಣೆಯ ಮೇಲೆ ಕೂತಳು. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು, “ಈ ಸೀರಿ ನಾ ಎಲ್ಲೋ ನೋಡೀನಿ,” ಎಂದರು. “ಅರ್ಧಾ ಸಂಸಾರ ಇದರಾಗ ಕಳದೈತಿ, ಎಲ್ಲೋ ನೋಡ್ಯಾರಂತ!” ಎಂದು ದೊಡ್ಡವ್ವ ಅವರನ್ನು ಕೂರಿಸಿದಳು.

ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಎಲೆ ಅಡಿಕೆ. ಒಂದೊಂದಾಗಿ ದೊಡ್ಡವ್ವ ಉಡಿಗೆ ಹಾಕುತ್ತಿದ್ದಳು. ಹುಡುಗಿ ಮೊದಲು ಸೆರಗನ್ನು ಬೆರಳ ತುದಿಯಲ್ಲಿ ಹಿಡಿದಿದ್ದಳು, ಬಿದ್ದರೆ ಬೀಳಲಿ ಎನ್ನುವ ಹಾಗೆ. ಅಕ್ಕಿಯ ಭಾರ ಬೀಳುತ್ತ ಬೀಳುತ್ತ ಅವಳ ಹಿಡಿತ ಬಿಗಿಯಾಯಿತು. ಆಮೇಲೆ ಎರಡೂ ಕೈ ಚಾಚಿ, ಸೆರಗನ್ನು ಅಗಲ ಮಾಡಿ ಹಿಡಿದಳು. ಕೊನೆಗೆ ದೊಡ್ಡವ್ವ ಟ್ರಂಕಿನ ವಾಸನೆಯ ಒಂದು ಖಣ ಇಟ್ಟಳು. ಇನ್ನೂ ಕತ್ತರಿ ಬೀಳದ, ಸಣ್ಣ ಸಣ್ಣ ಬುಟ್ಟಾಗಳ, ಕುಂಕುಮ ಬಣ್ಣದ ರವಿಕೆ ಅರಿವೆ.

“ಅಜ್ಜಿ! ಇದು ಹೊಸಾದು!” ಹುಡುಗಿ ಬೆಚ್ಚಿದಳು.

“ಯಾವ ಹೊಸಾದು? ನಿಮ್ಮಪ್ಪನ ಮದುವ್ಯಾಗ ಬಂದಿದ್ದು. ನಿನಗಿಂತ ಹಳೇದು.”

“ಹೊಲಿಸೇ ಇಲ್ಲಲ್ಲ. ಹೊಲಿಸದಿದ್ದರ ಹೊಸಾದ!”

“ನನಗೂ ಸುಕ್ಕು ಬಂದಾವು. ನಾ ಎಂದೂ ಇಸ್ತ್ರಿ ಮಾಡಿಸಿಲ್ಲ. ಹಂಗಂತ ನಾ ಹೊಸಾಕೇನು?”

ಎಲ್ಲರೂ ನಕ್ಕೆವು. ಅವಳು ನಗಲಿಲ್ಲ. ಆ ಖಣವನ್ನು ತೆಗೆದು ಪಕ್ಕಕ್ಕಿಡುತ್ತಾಳೆ ಎಂದುಕೊಂಡೆ. ಅವಳು ಅದನ್ನು ಉಡಿಯಿಂದ ಎತ್ತಿ, ಮಡಿಕೆ ಬಿಚ್ಚಿ, ಮೊಣಕಾಲ ಮೇಲೆ ಹರವಿ, ಅಂಗೈಯಿಂದ ಸವರಿ ಸವರಿ ಸುಕ್ಕು ತೆಗೆದಳು.

“ಅಪ್ಪನ ಸಣ್ಣಂದಿನ ಫೋಟೋದಾಗ ತಲಿ ಮ್ಯಾಲಿಂದ ಬೆನ್ನತನಕಾ ಇರತೈತಲ್ಲ, ಟೋಪಿ ಹಂತಾದ್ದು, ಕೇಪ್ ಹಂತಾದ್ದು,” ಎಂದಳು ತಲೆ ಎತ್ತದೆ. “ಅದಕ್ಕ ಏನಂತಾರ?”

“ಕುಂಚಗಿ,” ಎಂದಳು ದೊಡ್ಡವ್ವ.

“ಇದರಾಗ ಒಂದು ಆಗ್ತದೇನು? ಕೂಸಿಗೆ?”

ದೊಡ್ಡವ್ವ ಖಣದ ಅಂಚನ್ನು ಹಿಡಿದು, ಮೊಳ ಹಾಕಿ ಅಳೆದಳು. ಕಣ್ಣು ತುಂಬಿ ಅಳತೆ ತಪ್ಪಿರಬೇಕು, ಮತ್ತೊಮ್ಮೆ ಅಳೆದಳು.

“ಆಗ್ತೈತಿ,” ಎಂದಳು. “ತಲಿ ಎಷ್ಟ ದೊಡ್ಡದಿರತೈತಿ ನೋಡಬೇಕು.”

ಹುಡುಗಿ ಎದುರಿಗೆ ಕೂತ ತನ್ನಪ್ಪನ ದೊಡ್ಡ ತಲೆಯನ್ನು ಆ ಕಡೆಯಿಂದ ಈ ಕಡೆಗೆ ಒಂದು ಸಲ ನೋಡಿದಳು.

“ಹಂಗಿದ್ರ ಸಾಲಂಗಿಲ್ಲ, ಅಜ್ಜಿ. ಇನ್ನೊಂದು ಖಣ ತರಸ್ರಿ.”